ಕೊರಮೀನಿಗೂ ಬಾಸಿಗೂ ಒಂದೇ ಫ್ಲೈ: ಗೊರೂರು ಹಿನ್ನೀರಲ್ಲಿ ಕಲಿತು ಮರುಭೂಮಿ ಕೆರೇಲಿ ಮೀನು ಹಿಡಿಯೋದು

ಗರಿ, ಕೂದಲು ಸುತ್ತಿದ ಹುಕ್ಕನ್ನ, ಅದೇ ಫ್ಲೈ, ದಪ್ಪ ಲೈನಿನ ತೂಕದಲ್ಲಿ ಎಸೆದು ಮೀನು ಹಿಡಿಯೋದಕ್ಕೆ ಫ್ಲೈ ಫಿಶಿಂಗ್ ಅಂತಾರೆ. ಫ್ಲೈ ಫಿಶಿಂಗ್ ಅಂದ ತಕ್ಷಣ ನಮ್ ಜನಕ್ಕೆ ಕಣ್ಮುಂದೆ ಬರೋದು ಹಿಮದ ಬೆಟ್ಟ, ಕೊರೆಯೋ ತಣ್ಣೀರು, ಟ್ರೌಟ್ ಮೀನು. ನೀಲಗಿರಿ ಕಡೆ, ಮುನ್ನಾರ್ ಕಡೆ, ಹಿಮಾಚಲದ ಕಡೆ ಬ್ರಿಟಿಷರು ತಂದು ಬಿಟ್ಟ ಟ್ರೌಟ್ ಇವೆ, ಅದು ಬೇರೆ ವಿಷ್ಯ. ಅಮೆರಿಕದ ಅರಿಜೋನಾ, ನೆವಾಡಾ ಕಡೆ ಬೇಸಿಗೇಲಿ 40 ಡಿಗ್ರಿ ದಾಟೋ ಮರುಭೂಮಿ ನಡುವಿನ ಡ್ಯಾಮ್ ಕೆರೆಗಳಲ್ಲಿ ಇದೇ ರಾಡ್ ಹಿಡ್ಕೊಂಡು ಬಾಸ್ ಅನ್ನೋ ಬೇಟೆ ಮೀನು ಹಿಡೀತಾರೆ, ಮೀಸೆ ಇರೋ ಕ್ಯಾಟ್‌ಫಿಶ್ ಹಿಡೀತಾರೆ, ಅಂದ್ಮೇಲೆ ಹಾಸನದಲ್ಲಿ ಯಾಕಾಗಲ್ಲ?

ಬಾಸ್ ನಮ್ ಕಡೆ ಇಲ್ಲ ಸರಿ, ಆದ್ರೆ ಕೊರಮೀನು ಇದ್ಯಲ್ಲ, ಕುಚ್ಚು ಅಂತಾರೆ, ಮರಲ್ ಅಂತಾರೆ, ಅದು ಥೇಟ್ ಲಾರ್ಜ್‌ಮೌತ್ ಬಾಸ್ ಬುದ್ಧಿಯ ಮೀನು, ಜೊಂಡಿನ ಮರೇಲಿ ಅಲ್ಲಾಡ್ದೆ ಕೂತಿರುತ್ತೆ, ಕಪ್ಪೆನೋ ಪುಡಿಮೀನೋ ಹತ್ರ ಬಂದ್ರೆ ಒಂದೇ ಏಟು. ಕ್ಯಾಟ್‌ಫಿಶ್ ಜಾಗಕ್ಕೆ ಬಾಳೆಮೀನು ಇದೆ. ಹಾಗಾಗಿ ಇಲ್ಲಿ ಕಲಿತವನು ಅರಿಜೋನಾದ ಫೀನಿಕ್ಸ್‌ಗೆ ಹೋದ್ರೂ ಕೈ ಖಾಲಿ ಬರಲ್ಲ, ಅಲ್ಲಿ ಕಲಿತವನು ರಜಕ್ಕೆ ಊರಿಗೆ ಬಂದಾಗ ರಾಡ್ ಅಟ್ಟದ ಮೇಲೆ ಹಾಕಬೇಕಾಗಿಲ್ಲ. ನಮ್ಮ ಕಡೆಯ ಹುಡುಗರು ಚಾಂಡ್ಲರ್, ಫೀನಿಕ್ಸ್ ಕಡೆ ಚಿಪ್ ಕಂಪನಿಗಳಲ್ಲಿ ಇದ್ದಾರೆ, ಅವರಿಗೂ ಸೇರಿಸಿಯೇ ಇದನ್ನ ಬರೀತಿರೋದು.

ರಾಡ್ ತಗೊಳೋಕ್ ಮುಂಚೆ: ಎಲ್ಲಿ ಹಿಡೀಬಹುದು, ಎಲ್ಲಿ ಹಿಡೀಬಾರದು

ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಬೇಡ. ನಮ್ಮಲ್ಲಿ ಜಲಾಶಯಗಳ ಮೀನು ಮೀನುಗಾರಿಕೆ ಇಲಾಖೆ ಲೆಕ್ಕಕ್ಕೆ ಬರುತ್ತೆ, ಕೆರೆಗಳನ್ನ ಹೆಚ್ಚಾಗಿ ಸಹಕಾರ ಸಂಘಕ್ಕೋ ಹರಾಜಿನಲ್ಲಿ ಯಾರಿಗೋ ಗುತ್ತಿಗೆ ಕೊಟ್ಟಿರ್ತಾರೆ. ಗುತ್ತಿಗೆದಾರ ಮರಿ ತಂದು ಬಿಟ್ಟು ದುಡ್ಡು ಹಾಕಿರ್ತಾನೆ, ನೀವು ಹೋಗಿ ನಾನು ಹಿಡಿದು ವಾಪಸ್ ಬಿಡ್ತೀನಿ ಅಂದ್ರೆ ಅವನಿಗೆ ನಂಬಿಕೆ ಬರಲ್ಲ. ಮೊದಲು ಹೋಗಿ ಮಾತಾಡ್ಸಿ, ರಾಡ್ ತೋರಿಸಿ, ಫ್ಲೈ ಕೈಗೆ ಕೊಡಿ, ನೋಡಿ ನಗ್ತಾನೆ, ನಕ್ಕಮೇಲೆ ಸಾಮಾನ್ಯವಾಗಿ ಬೇಡ ಅನ್ನಲ್ಲ. ಕಟ್ಲಾ ರೋಹು ಬಿಟ್ಟಿರೋ ಕೆರೇಲಿ ಕೊರಮೀನು ಅವನ ಮರಿ ತಿನ್ನೋ ಕಳ್ಳ, ಅದನ್ನ ಹಿಡೀತೀನಿ ಅಂದ್ರೆ ಖುಷಿನೇ ಪಡ್ತಾನೆ. ಜಲಾಶಯಕ್ಕೆ ಇಲಾಖೆ ಕಚೇರೀಲಿ ಪರವಾನಗಿ ಕೇಳಿ, ಮುಂಗಾರು ಶುರುವಾದಾಗ ಮೊಟ್ಟೆ ಇಡೋ ಕಾಲಕ್ಕೆ ನಿಷೇಧ ಇರುತ್ತೆ, ಆ ವರ್ಷದ ತಾರೀಖು ಅಲ್ಲೇ ಕೇಳ್ಕೊಳ್ಳಿ.

ಶೃಂಗೇರಿಯ ತುಂಗಾ ತೀರದ ಮೀನು, ಅರಕಲಗೂಡು ತಾಲ್ಲೂಕು ರಾಮನಾಥಪುರದ ಕಾವೇರಿ ಮೀನು, ಇವು ದೇವರ ಮೀನು, ಅಲ್ಲಿ ರಾಡ್ ಬಿಚ್ಚೋ ಯೋಚ್ನೆನೂ ಬೇಡ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಬಹುಪಾಲು ದಡ ಹುಲಿ ಸಂರಕ್ಷಿತ ಅರಣ್ಯಕ್ಕೆ ಅಂಟ್ಕೊಂಡಿದೆ, ಅರಣ್ಯ ಇಲಾಖೆ ಕೇಳದೆ ಕಾಲಿಟ್ರೆ ಕೇಸು. ಅಣೆಕಟ್ಟೆಯ ಬುಡ, ಗೇಟ್ ಕೆಳಗಿನ ಜಾಗ ಎಲ್ಲಾ ಡ್ಯಾಮಲ್ಲೂ ನಿಷೇಧ, ಅದು ಒಳ್ಳೇದಕ್ಕೇ, ನೀರು ಯಾವಾಗ ಬಿಡ್ತಾರೆ ಅಂತ ನಿಮಗೆ ಫೋನ್ ಮಾಡಿ ಹೇಳಲ್ಲ.

ಏಪ್ರಿಲ್ ಮೇ ತಿಂಗಳಲ್ಲಿ ರಾಡ್ ಇಲ್ಲದೆ ಒಂದು ಸುತ್ತು

ನನ್ನ ಕೇಳಿದ್ರೆ ಇಡೀ ಆಟದ ಮುಕ್ಕಾಲು ಭಾಗ ಇಲ್ಲೇ ಇರೋದು, ಆದ್ರೆ ಯಾರೂ ಮಾಡಲ್ಲ, ಎಲ್ಲರಿಗೂ ಮೊದಲು ರೀಲ್ ತಗೋಬೇಕು.

ಡ್ಯಾಮ್ ಕೆರೆ ಅಂದ್ರೆ ಏನು, ಮುಳುಗಿದ ಊರು, ಮುಳುಗಿದ ಗದ್ದೆ, ಮುಳುಗಿದ ಹೊಳೆ. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದಿದ್ದು 1979ರಲ್ಲಿ, ಅದಕ್ಕೆ ಮುಂಚೆ ಅಲ್ಲಿ ಬದು ಇತ್ತು, ಬಾವಿ ಇತ್ತು, ಗಾಡಿ ದಾರಿ ಇತ್ತು, ಮನೆ ಗೋಡೆ ಇತ್ತು, ಮರ ಇತ್ತು. ನೀರು ತುಂಬಿದಾಗ ಮೇಲಿಂದ ನೋಡಿದ್ರೆ ಎಲ್ಲಾ ಒಂದೇ ಸಮ ಕಾಣುತ್ತೆ, ಎಲ್ಲಿ ಎಸೀಬೇಕು ಅಂತಲೇ ಗೊತ್ತಾಗಲ್ಲ. ಆದ್ರೆ ಬೇಸಿಗೇಲಿ ನೀರು ಹಿಂದಕ್ಕೆ ಹೋದಾಗ ಆ ತಳ ಪೂರ್ತಿ ಕಾಣುತ್ತೆ. ಶೆಟ್ಟಿಹಳ್ಳಿ ಚರ್ಚ್ ನೋಡೋಕೆ ಜನ ಹೋಗ್ತಾರಲ್ಲ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು, ಮಳೆಗಾಲದಲ್ಲಿ ನೀರೊಳಗೆ, ಬೇಸಿಗೇಲಿ ಒಣ ನೆಲದ ಮೇಲೆ, ಅಲ್ಲಿ ಎಲ್ಲರೂ ಕಟ್ಟಡದ ಫೋಟೋ ತೆಗೆದು ಬರ್ತಾರೆ, ನೀವು ಸುತ್ತಲಿನ ನೆಲದ ಫೋಟೋ ತೆಗೀರಿ.

ನೋಡಬೇಕಾದ್ದು ಇಷ್ಟು. ಹಳೆ ಹೊಳೆಯ ಪಾತ್ರ ಎಲ್ಲಿ ತಿರುಗುತ್ತೆ, ದಡದಿಂದ ಅದಕ್ಕೆ ಎಷ್ಟು ದೂರ. ಹಳ್ಳಗಳು ಎಲ್ಲಿ ಬಂದು ಸೇರ್ತವೆ. ಕಲ್ಲಿನ ಬದು, ಮರದ ಬೊಡ್ಡೆ, ಮೊಣಕಾಲೆತ್ತರದ ಪೊದೆ ಎಲ್ಲಿದೆ. ಇಳಿಜಾರು ಎಲ್ಲಿ ನಿಧಾನ, ಎಲ್ಲಿ ಒಮ್ಮೆಲೇ ಕೆಳಗೆ ಬೀಳುತ್ತೆ. ಫೋನಿನ ಮ್ಯಾಪಲ್ಲಿ ಒಂದೊಂದಕ್ಕೂ ಪಿನ್ ಹಾಕಿ. ಆಮೇಲೆ ಪೇಪರಲ್ಲಿ ದಿನಾ ಬರುತ್ತಲ್ಲ ಜಲಾಶಯ ಮಟ್ಟ, ಹೇಮಾವತಿ ಗರಿಷ್ಠ 2922 ಅಡಿ, ಇಂದಿನ ಮಟ್ಟ ಇಷ್ಟು ಅಂತ, ಆ ದಿನದ್ದನ್ನ ಫೋಟೋ ಜೊತೆ ಬರ್ಕೊಂಡಿಡಿ. ಅಕ್ಟೋಬರಲ್ಲಿ ನೀವು ದಡದಲ್ಲಿ ನಿಂತಾಗ ಮಟ್ಟ ನೋಡಿ ಕಳೆದ್ರೆ ಸಾಕು, ಆ ಬೊಡ್ಡೆ ಮೇಲೆ ಈಗ ಎಷ್ಟಡಿ ನೀರಿದೆ ಅಂತ ಕೂತಲ್ಲೇ ಗೊತ್ತಾಗುತ್ತೆ, ಯಾವ ಸೋನಾರ್ ಮೆಷಿನ್ನೂ ಬೇಡ. ಎರಡಡಿಯಿಂದ ಐದಾರಡಿ ನೀರಿರೋ ಪಿನ್ನುಗಳು ಕೊರಮೀನಿಗೆ, ಹೊಳೆ ಪಾತ್ರದ ಅಂಚು ಬಾಳೆಗೆ.

ಇದೇ ಲೆಕ್ಕ ಮರುಭೂಮಿ ಕೆರೆಗೂ. ಲೇಕ್ ಮೀಡ್ ಅಂತ ಕೊಲರಾಡೋ ನದಿಗೆ ಹೂವರ್ ಡ್ಯಾಮ್ ಕಟ್ಟಿ ಮಾಡಿದ್ದು, ತುಂಬಿದ್ರೆ ಸಮುದ್ರಮಟ್ಟದಿಂದ ಸುಮಾರು 1229 ಅಡಿ, 2022ರ ಜುಲೈನಲ್ಲಿ ಸುಮಾರು 1040 ಅಡಿಗೆ ಇಳಿದಿತ್ತು, ಬಂಡೆ ಮೇಲೆ ಬಿಳಿ ಪಟ್ಟೆ ಬಿದ್ದಿರೋ ಫೋಟೋ ನೀವೂ ನೋಡಿರ್ತೀರ. ಅಲ್ಲಿನ ಮಟ್ಟಾನೂ ದಿನಾ ಆನ್‌ಲೈನಲ್ಲಿ ಸಿಗುತ್ತೆ. ನೀರು ಇಳಿದಾಗ ಬಯಲಾದ ದಡದಲ್ಲಿ ಟ್ಯಾಮರಿಸ್ಕ್ ಪೊದೆ ಬೆಳ್ಕೊಳ್ಳುತ್ತೆ, ನೀರು ಮತ್ತೆ ಏರಿದಾಗ ಆ ಪೊದೆ ಮುಳುಗುತ್ತೆ, ಬಾಸ್ ಮರಿಗಳಿಗೆ ಅದೇ ಮನೆ, ದೊಡ್ಡವು ಅದರ ಅಂಚಲ್ಲಿ.

ಬಯಲುಸೀಮೆ ಕಡೆ, ಅರಸೀಕೆರೆ ಕಡೂರು ಸುತ್ತ, ಕೆರೆ ಪೂರ್ತಿ ಒಣಗಿ ತಳ ಬಿರುಕು ಬಿಟ್ಟಿರೋ ವರ್ಷಗಳೂ ಇರ್ತವೆ. ಅಲ್ಲಿ ಮೀನೆಲ್ಲಿ ಅಂತ ನಗಬೇಡಿ, ಕೊರಮೀನು ಗಾಳಿ ಉಸಿರಾಡೋ ಮೀನು, ಕೆಸರಲ್ಲಿ ಹೂತ್ಕೊಂಡು ತಡ್ಕೊಳ್ಳುತ್ತೆ, ಮಳೆ ಬಂದ್ಮೇಲೆ ಎದ್ದು ಬರುತ್ತೆ.

ಸಾಮಾನು

ಇಲ್ಲಿ ಉದ್ದ ಭಾಷಣ ಬೇಡ. 9 ಅಡಿಯ 8 ವೆಯ್ಟ್ ರಾಡ್, ಅದಕ್ಕೆ ಹೊಂದೋ ರೀಲ್, 8ರ ವೆಯ್ಟ್ ಫಾರ್ವರ್ಡ್ ಫ್ಲೋಟಿಂಗ್ ಲೈನ್ (ತೂಕ ಮುಂಭಾಗದಲ್ಲಿರೋ, ತೇಲೋ ಲೈನ್), ಹಿಂದೆ ನೂರು ಗಜ ಬ್ಯಾಕಿಂಗ್ ದಾರ. ಈ 8 ಅನ್ನೋದು ಲೈನಿನ ತೂಕ, ಮುಂದಿನ 30 ಅಡಿ ಸುಮಾರು 13.6 ಗ್ರಾಮ್ ತೂಗಬೇಕು ಅಂತ ಅಳತೆ ಇದೆ, 6 ಅಂದ್ರೆ 10.4 ಗ್ರಾಮ್ ಹತ್ರ. 6 ವೆಯ್ಟಲ್ಲೂ ಜಿಲೇಬಿ ಮೀನು, ಸಣ್ಣ ಕೊರಮೀನು ಹಿಡೀಬಹುದು, ಆದ್ರೆ ಜೊಂಡಿನೊಳಗಿಂದ ಮೀನು ಎಳೆಯೋಕೆ ಶಕ್ತಿ ಸಾಲಲ್ಲ, ದೊಡ್ಡ ಕಪ್ಪೆ ಫ್ಲೈ ಎಸೆಯೋಕೂ ಆಗಲ್ಲ. ಬಾಳೆಗೆ, ಕ್ಯಾಟ್‌ಫಿಶ್‌ಗೆ ತುದಿ ಮುಳುಗೋ ಸಿಂಕ್ ಟಿಪ್ ಲೈನ್ ಇನ್ನೊಂದು ಇದ್ರೆ ಒಳ್ಳೇದು, ದುಡ್ಡಿಲ್ಲ ಅಂದ್ರೆ ಫ್ಲೈಗೇ ತೂಕ ಹಾಕಿ. ಟ್ರೌಟ್‌ನವರ ಸಪೂರ ಟಿಪ್ಪೆಟ್ (ಫ್ಲೈ ಕಟ್ಟೋ ತುದಿ ದಾರ) ಇಲ್ಲಿ ಕೆಲಸಕ್ಕೆ ಬರಲ್ಲ. ಲೈನಿಗೂ ಫ್ಲೈಗೂ ನಡುವಿನ ನೈಲಾನ್ ದಾರ, ಅಂದ್ರೆ ಲೀಡರ್, ಏಳಡಿ ಸಾಕು, ತುದಿಗೆ 20 ಪೌಂಡ್ ನೈಲಾನ್, ಕೊರಮೀನಿಗೆ ಹಲ್ಲಿದೆ ಅದಕ್ಕೆ ಕೊನೇ ಒಂದಡಿ 40 ಪೌಂಡಿನ ಫ್ಲೋರೋಕಾರ್ಬನ್. ಫ್ಲೈ ಕಟ್ಟೋವಾಗ ಬಿಗಿ ಗಂಟು ಹಾಕ್ಬೇಡಿ, ಜಾರದ ಕುಣಿಕೆ ಗಂಟು ಹಾಕಿ, ಆಗ ಫ್ಲೈ ನೀರಲ್ಲಿ ಸಲೀಸಾಗಿ ಓಲಾಡುತ್ತೆ.

ಕನ್ನಡಕ, ಕಡ್ಡಾಯ. ತೂಕದ ಫ್ಲೈ ತಲೆ ಪಕ್ಕ ಹಾರಿ ಹೋಗೋ ಸ್ಪೀಡ್ ಒಂದ್ಸಲ ನೋಡಿದ್ರೆ ನಾನು ಹೇಳೋದೇ ಬೇಡ.

ಫ್ಲೈ ಮನೇಲೇ ಕಟ್ಟಿ

ಬೆಚ್ಚಗಿನ ನೀರಿನ ಫ್ಲೈ ಅಂದ್ರೆ ನೊಣ ಅಲ್ಲವೇ ಅಲ್ಲ, ಮೀನು, ಕಪ್ಪೆ, ಏಡಿ, ಜಿಗಣೆ ಇವೇ. ಅಂಗಡೀದು ಸಿಗುತ್ತೆ, ಆನ್‌ಲೈನಲ್ಲಿ ತರಿಸಬಹುದು, ಆದ್ರೆ ಕೊರಮೀನು ಇರೋ ಜಾಗದಲ್ಲಿ ಫ್ಲೈ ಕಳ್ಕೊಳ್ಳೋದು ಗ್ಯಾರಂಟಿ, ಪ್ರತಿ ಸಲ ಹೊಟ್ಟೆ ಉರ್ಕೊಳ್ಳೋದ್ಯಾಕೆ. ಮೂರೇ ಮೂರು ಥರ ಸಾಕು.

ಮೊದಲನೇದು ಚಪ್ಪಲಿ ಕಪ್ಪೆ. ಹಳೆ ಹವಾಯ್ ಚಪ್ಪಲಿ ತಗೊಂಡು ಬ್ಲೇಡಲ್ಲಿ ಹೆಬ್ಬೆರಳ ತುದಿ ಗಾತ್ರದ ತುಂಡು ಕತ್ತರಿಸಿ. ಮುಂದಿನ ಮುಖ ಚಪ್ಪಟೆ ಇರಲಿ, ಸ್ವಲ್ಪ ಗುಳಿ ತೋಡಿದ್ರೆ ಇನ್ನೂ ಒಳ್ಳೇದು, ಎಳೆದಾಗ ಗುಳುಕ್ ಅಂತ ಸದ್ದು ಮಾಡುತ್ತೆ. ಹೊಟ್ಟೆ ಭಾಗದಲ್ಲಿ ಉದ್ದಕ್ಕೆ ಒಂದು ಸೀಳು. ಉದ್ದ ಕಡ್ಡಿಯ ಅಗಲ ಬಾಯಿಯ ಹುಕ್ ತಗೊಂಡು, ಬಾಗೋ ಜಾಗದ ಹತ್ರ ಹುಂಜದ ಕುತ್ತಿಗೆ ಗರಿ ಎರಡು ಈ ಕಡೆ ಎರಡು ಆ ಕಡೆ, ಹೊರಕ್ಕೆ ಬಾಗಿರೋ ಹಾಗೆ ಕಟ್ಟಿ, ಅವೇ ಕಪ್ಪೆ ಕಾಲು. ಕಡ್ಡಿ ಮೇಲೆ ದಾರ ದಟ್ಟವಾಗಿ ಸುತ್ತಿ, ಇಲ್ಲದಿದ್ರೆ ಚಪ್ಪಲಿ ತುಂಡು ಗಿರಗಿರ ತಿರುಗುತ್ತೆ. ಸೀಳಿಗೆ ಫೆವಿಕ್ವಿಕ್ ಹಾಕಿ ಕೂರಿಸಿ. ಹುಕ್ಕಿನ ಬಾಯಿ ಮತ್ತೆ ತುಂಡಿನ ಮಧ್ಯೆ ಜಾಗ ಸಾಕಷ್ಟು ಬಿಡಿ, ಜಾಗ ಇಲ್ಲ ಅಂದ್ರೆ ಮೀನು ಕಚ್ಚಿದ್ರೂ ಹುಕ್ ತಾಗಲ್ಲ, ಹೊಸಬರ ಪಾಪರಲ್ಲಿ, ಅಂದ್ರೆ ಹೀಗೆ ಸದ್ದು ಮಾಡೋ ತೇಲು ಫ್ಲೈನಲ್ಲಿ, ಮೀನು ತಪ್ಪೋದು ಹೆಚ್ಚಾಗಿ ಇದಕ್ಕೇ. ಕೊನೆಗೆ ದಪ್ಪ ನೈಲಾನಿನ ಒಂದು ಕುಣಿಕೆ ಹುಕ್ಕಿನ ಮುಂದೆ ಅಡ್ಡ ಬರೋ ಹಾಗೆ ಕಟ್ಟಿದ್ರೆ ಜೊಂಡಿಗೆ ಸಿಕ್ಕಲ್ಲ.

ಎರಡನೇದು ಕ್ಲೌಸರ್ ಮಿನ್ನೋ. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಅನ್ನೋರು 1980ರ ದಶಕದಲ್ಲಿ ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್ ಬಾಸ್‌ಗೆ ಅಂತ ಕಟ್ಟಿದ್ದು, ಈಗ ಸಮುದ್ರದಿಂದ ಹಿಡಿದು ಕೆರೆವರೆಗೆ ಇದು ಹಿಡೀದ ಮೀನಿಲ್ಲ. ಗುಟ್ಟೆಲ್ಲಾ ಕಣ್ಣಲ್ಲಿ. ಹುಕ್ ಕಡ್ಡಿಯ ಮೇಲ್ಭಾಗದಲ್ಲಿ ತೂಕದ ಎರಡು ಗುಂಡು ಕಟ್ಟಿದ್ರೆ ನೀರಲ್ಲಿ ಅದು ತಲೆಕೆಳಗಾಗಿ ಹುಕ್ಕಿನ ಮೊನೆ ಮೇಲಕ್ಕೆ ನಿಲ್ಲುತ್ತೆ, ಹಾಗಾಗಿ ತಳದ ಕಲ್ಲಿಗೆ, ಬೊಡ್ಡೆಗೆ ಸಿಕ್ಕೋದು ಕಮ್ಮಿ. ಮುಳುಗಿದ ಊರಿನ ಮೇಲೆ ಮೀನು ಹಿಡಿಯೋರಿಗೆ ಇದಕ್ಕಿಂತ ಇನ್ನೇನು ಬೇಕು. ಗುಂಡಿಗೆ ಹಳೆ ಕೀ ಚೈನಿನ ಮಣಿಸರದಿಂದ ಜೋಡಿ ಕತ್ತರಿಸ್ಕೊಳ್ಳಿ. ಅಮೆರಿಕದವರು ಜಿಂಕೆ ಬಾಲದ ಕೂದಲು ಹಾಕ್ತಾರೆ, ನಮ್ಮಲ್ಲಿ ಜಿಂಕೆ ತಂಟೆಗೆ ಹೋದ್ರೆ ಜೈಲು, ಆಡಿನ ಕೂದಲು ಧಾರಾಳ ಸಾಕು, ಮಟನ್ ಅಂಗಡಿಯವನು ಫ್ರೀ ಕೊಡ್ತಾನೆ. ಕೆಳಗೆ ಬಿಳಿ, ಮೇಲೆ ಕಂದು, ಮಧ್ಯೆ ನಾಲ್ಕೈದು ಎಳೆ ಮಿಂಚು ದಾರ. ಕೂದಲು ಕಮ್ಮಿ ಹಾಕಿ. ಕೈಗೆ ತೆಳ್ಳಗೆ ಬಡಕಲಾಗಿ ಕಂಡ್ರೆ ನೀರಲ್ಲಿ ಸರಿಯಾಗಿರುತ್ತೆ.

ಮೂರನೇದು ವೂಲಿ ಬಗರ್, ಕಪ್ಪು ಇಲ್ಲಾ ಕಡು ಕಂದು. ಬಾಲಕ್ಕೆ ಮೆತ್ತನೆ ಗರಿ, ಮೈಗೆ ಉಲ್ಲನ್ ದಾರ, ಅದರ ಮೇಲೆ ಹುಂಜದ ಗರಿ ಸುರುಳಿ. ಇದು ಕ್ಯಾಟ್‌ಫಿಶ್ ಊಟ.

ಎಸೆಯೋದು

ಕಾಫಿ ಕಣದಲ್ಲಿ ಪ್ರಾಕ್ಟೀಸ್ ಮಾಡೋಣ ಅನ್ಸುತ್ತೆ, ಅಷ್ಟು ಅಗಲ ಖಾಲಿ ಜಾಗ ಇನ್ನೆಲ್ಲಿ ಸಿಗುತ್ತೆ, ಆದ್ರೆ ಸಿಮೆಂಟ್ ನೆಲ ಲೈನಿನ ಮೈ ಉಜ್ಜಿ ಹಾಳು ಮಾಡುತ್ತೆ. ಹುಲ್ಲಿರೋ ಸ್ಕೂಲ್ ಮೈದಾನ ನೋಡ್ಕೊಳ್ಳಿ. ಹುಕ್ ಬದಲು ತುದಿಗೆ ಒಂದು ತುಂಡು ಉಲ್ಲನ್ ಕಟ್ಟಿ.

ಇಲ್ಲಿ ತೂಕ ಇರೋದು ಲೈನಲ್ಲಿ, ಫ್ಲೈನಲ್ಲಿ ಅಲ್ಲ, ಗಾಳ ಎಸೆದು ಅಭ್ಯಾಸ ಇರೋರಿಗೆ ಇದೇ ತಲೆಗೆ ಹತ್ತೋದು ಲೇಟು. ರಾಡ್ ತುದಿ ನೆಲದ ಹತ್ರದಿಂದ ಶುರು ಮಾಡಿ, ನಿಧಾನಕ್ಕೆ ಎತ್ತುತ್ತಾ ವೇಗ ಏರಿಸಿ, ಗಡಿಯಾರದ 1 ಗಂಟೆ ಹತ್ರ ಗಕ್ಕಂತ ನಿಲ್ಲಿಸಿ. ನಿಲ್ಲಿಸಿದ್ಮೇಲೆ ಕಾಯಿರಿ. ಲೈನ್ ಹಿಂದೆ ಪೂರ್ತಿ ಬಿಚ್ಕೊಳ್ಳೋವರೆಗೂ ಕಾಯಿರಿ, ಬೇಕಾದ್ರೆ ತಿರುಗಿ ನೋಡಿ, ನಾಚಿಕೆ ಬೇಡ. ಆಮೇಲೆ ಮುಂದಕ್ಕೆ ತಂದು 10 ಗಂಟೆ ಹತ್ರ ನಿಲ್ಲಿಸಿ. ಕಾಯದೆ ಮುಂದಕ್ಕೆ ತಂದ್ರೆ ಎತ್ತಿನ ಗಾಡಿಯವನ ಬಾರುಕೋಲು ಥರ ಚಟೀರ್ ಅನ್ನುತ್ತೆ, ಆ ಸದ್ದು ಬಂತು ಅಂದ್ರೆ ಫ್ಲೈ ಹೋಯ್ತು ಅಂತಲೇ. ಮಣಿಕಟ್ಟು ಆಡಿಸಬೇಡಿ, ಮೊಣಕೈಯಿಂದ ಮಾಡಿ.

ನಲವತ್ತಡಿ ನೆಟ್ಟಗೆ ಎಸೆಯೋದು ಬಂದ್ರೆ ಕೊರಮೀನಿಗೆ ಸಾಕು, ಎಪ್ಪತ್ತಡಿ ಎಸೆಯೋ ವಿಡಿಯೋ ನೋಡಿ ಕೊರಗಬೇಡಿ. ಹಿಂದೆ ಮರ ಇದ್ರೆ, ಸಕಲೇಶಪುರ ಮೂಡಿಗೆರೆ ಕಡೆ ಇರೋದೇ ಹಾಗೆ, ರೋಲ್ ಕಾಸ್ಟ್ ಕಲೀಬೇಕು, ಲೈನನ್ನ ಹಿಂದಕ್ಕೆ ಹಾರಿಸದೆ ನೀರಿನ ಮೇಲೇ ಉರುಳಿಸಿ ಕಳಿಸೋದು. ಗಾಳಿ ಬಲಗಡೆಯಿಂದ ಬರ್ತಿದ್ರೆ ಫ್ಲೈ ನಿಮ್ಮ ಕಿವಿಗೇ ಬರುತ್ತೆ, ಜಾಗ ಬದಲಾಯ್ಸಿ, ಹೀರೋ ಆಗಬೇಡಿ. ಹೇಮಾವತಿ ಬಯಲು ನೀರಲ್ಲಿ ಮುಂಗಾರಿನ ಗಾಳಿ ಇದ್ದಾಗ ಫ್ಲೈ ಎಸೆಯೋದು ಸುಮ್ನೆ ಶಿಕ್ಷೆ, ಮನೇಲಿ ಕೂತು ಫ್ಲೈ ಕಟ್ಟಿ.

ಕೊರಮೀನು

ಕಾಲ ಅಂದ್ರೆ ಮಳೆ ನಿಂತು ನೀರು ತಿಳಿಯಾದ್ಮೇಲೆ, ಅಕ್ಟೋಬರಿಂದ ಶುರು, ಆಮೇಲೆ ಚಳಿ ಕಳೆದು ಫೆಬ್ರವರಿ ಕೊನೆಯಿಂದ ಮತ್ತೆ. ಡಿಸೆಂಬರ್ ಜನವರಿ ಚಳೀಲಿ ಬೆಳಿಗ್ಗೆ ಬೇಗ ಹೋಗಿ ನಡುಗೋದ್ರಲ್ಲಿ ಅರ್ಥ ಇಲ್ಲ, ಹತ್ತು ಗಂಟೆ ಬಿಸಿಲಿಗೆ ದಡದ ನೀರು ಕಾದ್ಮೇಲೆ ಹೋಗಿ. ಬೇಸಿಗೇಲಿ ಉಲ್ಟಾ, ಬೆಳಕು ಹರಿಯೋ ಹೊತ್ತು ಇಲ್ಲಾ ಸಂಜೆ.

ದಡಕ್ಕೆ ಹೋದ ತಕ್ಷಣ ಎಸೀಬೇಡಿ, ಹತ್ತು ನಿಮಿಷ ನೋಡಿ. ಉಸಿರು ತಗೊಳೋಕೆ ಮೇಲೆ ಬರಲೇಬೇಕಲ್ಲ, ಬಂದು ಒಂದು ಗುಳ್ಳೆ ಬಿಟ್ಟು ಹೋಗುತ್ತೆ, ಅದೇ ಅದರ ವಿಳಾಸ. ಗುಳ್ಳೆ ಎದ್ದ ಜಾಗಕ್ಕೆ ನೇರ ಎಸೆದ್ರೆ ಓಡುತ್ತೆ, ಐದಾರಡಿ ಆಚೆ ಎಸೆದು ಅದರ ದಾರಿಗೆ ತನ್ನಿ. ಚಪ್ಪಲಿ ಕಪ್ಪೆ ಬಿದ್ದ ಮೇಲೆ ಅಲೆ ಉಂಗುರ ಮಾಯ ಆಗೋವರೆಗೆ ಸುಮ್ನಿರಿ, ಆಮೇಲೆ ಎರಡು ಸಲ ಗುಳುಕ್ ಗುಳುಕ್, ಮತ್ತೆ ಸುಮ್ನೆ. ಬಹುಪಾಲು ಹೊಡೆತ ಬೀಳೋದು ಸುಮ್ನಿರೋವಾಗಲೇ.

ಹೊಡೆದಾಗ ರಾಡ್ ಮೇಲಕ್ಕೆ ಎತ್ತಬೇಡಿ. ಟ್ರೌಟ್ ವಿಡಿಯೋ ನೋಡಿ ಕಲಿತವರೆಲ್ಲ ಎತ್ತುತ್ತಾರೆ, ಫ್ಲೈ ಬಾಯಿಂದ ಈಚೆ ಬರುತ್ತೆ, ಮೀನು ಹೋಗುತ್ತೆ. ರಾಡ್ ತುದಿ ನೀರಿಗೆ ತಾಗೋ ಹಾಗೆ ಇಟ್ಕೊಂಡು, ಎಡಗೈಲಿ ಲೈನ್ ಜಗ್ಗಿ, ಬಿಗಿ ಸಿಕ್ಕಿದ್ಮೇಲೆ ರಾಡ್ ಪಕ್ಕಕ್ಕೆ ಎಳೀರಿ. ಮೇಲ್ನೀರಿನ ಕಪ್ಪೆ ಆದ್ರೆ ಅದು ನುಂಗಿ ಕೆಳಗೆ ಹೋಗೋಕೆ ಒಂದು ಕ್ಷಣ ಬಿಟ್ಟು ಜಗ್ಗಿ, ಕ್ಲೌಸರ್ ಆದ್ರೆ ತಕ್ಷಣ ಜಗ್ಗಿ. ಸಿಕ್ಕ ಮೇಲೆ ಲೈನ್ ಬಿಡ್ಬೇಡಿ, ಜೊಂಡಿಗೆ ನುಗ್ಗಿದ್ರೆ ಮುಗೀತು, ಮೊದಲ ಐದು ಸೆಕೆಂಡಲ್ಲೇ ತಿರುಗಿಸ್ಬೇಕು.

ಒಂದು ಮಾತು. ನೀರಿನ ಮೇಲೆ ಕೆಂಪು ಕಿತ್ತಳೆ ಬಣ್ಣದ ಪುಟ್ಟ ಮರಿಗಳ ಗುಂಪು ಒಟ್ಟಿಗೆ ಕುದಿಯೋ ಥರ ಕಾಣುತ್ತೆ, ಅದರ ಕೆಳಗೆ ಅಪ್ಪ ಅಮ್ಮ ಕಾವಲಿರ್ತವೆ, ಮರಿ ಮೇಲೆ ಏನೇ ಬಿದ್ರೂ ಕಚ್ಚುತ್ತವೆ. ಅಲ್ಲಿ ಎಸೆದ್ರೆ ಸಿಗುತ್ತೆ, ಖಂಡಿತ ಸಿಗುತ್ತೆ, ಆದ್ರೆ ಆ ಹಿರಿಯನ್ನ ತೆಗೆದ್ರೆ ಉಳಿದ ಮೀನುಗಳು ಬೇಗನೇ ಮರಿಗಳನ್ನ ಮುಗಿಸ್ತವೆ. ಅದನ್ನ ಹಿಡಿದು ಫೋಟೋ ಹಾಕೋರನ್ನ ನಾನು ಮೀನು ಹಿಡಿಯೋರು ಅಂತ ಲೆಕ್ಕಕ್ಕೇ ತಗೊಳಲ್ಲ.

ಬಾಳೆ ಮತ್ತೆ ಕ್ಯಾಟ್‌ಫಿಶ್

ಕ್ಯಾಟ್‌ಫಿಶ್ ಫ್ಲೈಗೆ ಬರಲ್ಲ ಅಂತಾರೆ. ಬರುತ್ತೆ, ಆದ್ರೆ ಕಣ್ಣಿಗಿಂತ ಮೀಸೆ ನಂಬೋ ಮೀನು ಅದು, ಮೀಸೆ ಮೇಲೂ ಮೈಮೇಲೂ ರುಚಿ ಗೊತ್ತಾಗುತ್ತೆ, ಜೊತೆಗೆ ನೀರಿನ ಅಲುಗಾಟನೂ ಗೊತ್ತಾಗುತ್ತೆ. ಫ್ಲೈಗೆ ವಾಸನೆ ಇಲ್ಲ, ಹಾಗಾಗಿ ಅಲುಗಾಟ ಜಾಸ್ತಿ ಇರಬೇಕು: ದಪ್ಪ ತಲೆ, ಕಪ್ಪು ಮೈ, ನಿಧಾನ, ತಳಕ್ಕೆ ತಾಗ್ತಾ ತಾಗ್ತಾ. ಕೆಲವರು ಫ್ಲೈಗೆ ಕೋಳಿ ಕರುಳು ಉಜ್ಜುತ್ತಾರೆ, ಅದಕ್ಕೆ ಸುಮ್ನೆ ಗಾಳಾನೇ ಹಾಕಬಹುದಲ್ಲ.

ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪು ನೀರು ತರುತ್ತಲ್ಲ, ಎರೆಹುಳ, ಕೀಟ, ಕಪ್ಪೆಮರಿ ಎಲ್ಲಾ ಕೊಚ್ಕೊಂಡು ಬರುತ್ತೆ, ಆ ಕೆಂಪು ನೀರು ತಿಳಿ ನೀರಿಗೆ ಸೇರೋ ಗೆರೆ ಮೇಲೆ ಕ್ಯಾಟ್‌ಫಿಶ್ ಜಾತಿಗಳು ಊಟಕ್ಕೆ ಬರ್ತವೆ. ಕೆಸರಿನ ಕಡೆ ಎಸೆದು ತಿಳಿ ಕಡೆಗೆ ನಿಧಾನ ಎಳೀರಿ, ಆದ್ರೆ ನಿಷೇಧದ ತಾರೀಖು ಮರೀಬೇಡಿ. ಬಾಳೆ ಅಂತೂ ಬೇಟೆ ಮೀನು, ಮುಸ್ಸಂಜೆ ಆದ್ಮೇಲೆ ಹೊಳೆ ಪಾತ್ರದ ಅಂಚಿನಿಂದ ಮೇಲೆದ್ದು ಪುಡಿಮೀನು ಅಟ್ಟಿಸ್ಕೊಂಡು ಬರುತ್ತೆ, ಅದಕ್ಕೆ ದೊಡ್ಡ ಬಿಳಿ ಕ್ಲೌಸರ್. ಬೇಸಿಗೇಲಿ ಹಾಕಿದ್ದ ಪಿನ್ನುಗಳು ಕೆಲಸಕ್ಕೆ ಬರೋದು ಇಲ್ಲೇ, ಕತ್ತಲಲ್ಲಿ ಪಾತ್ರದ ತಿರುವು ಎಲ್ಲಿದೆ ಅಂತ ಮೊದಲೇ ಗೊತ್ತಿರ್ಬೇಕು. ಸಿಕ್ಕ ಬಾಳೆನ ವಾಪಸ್ ಬಿಡಿ, ಐಯುಸಿಎನ್ ಅನ್ನೋ ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟೀಲಿ ಅಪಾಯದ ಅಂಚಿನ ಮೀನುಗಳ ಜೊತೆ ಸೇರಿದೆ. ಕಾವೇರಿ ಸೀಮೆ ನೀರಲ್ಲಿ ಅಪ್ಪಿತಪ್ಪಿ ಮಹಶೀರ್ ಬಂದ್ರೂ ಅಷ್ಟೇ, ನೀರಿಂದ ಎತ್ತಬೇಡಿ, ಅಲ್ಲೇ ಹುಕ್ ಬಿಡಿಸಿ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ರೆ ಮಾತ್ರ ವಾಪಸ್ ಬಿಡಬೇಡಿ, ಅದನ್ನ ಸಾಕೋದೇ ನಿಷೇಧ, ನಮ್ಮ ಮೀನನ್ನೆಲ್ಲ ತಿಂದು ಹಾಕುತ್ತೆ.

ಹಿಡಿಯೋವಾಗ ಮುಳ್ಳು ನೋಡ್ಕೊಳ್ಳಿ. ಎರಡೂ ಪಕ್ಕದ ರೆಕ್ಕೆಗೊಂದೊಂದು ಮುಳ್ಳು, ಎಷ್ಟೋ ಜಾತಿಗೆ ಬೆನ್ನ ಮೇಲೂ ಒಂದು. ಚೇಳುಮೀನಿನ ಮುಳ್ಳಿಗೆ ವಿಷ ಇದೆ, ಚುಚ್ಚಿದ್ರೆ ಕೈ ಸುಡದಷ್ಟು, ಆದ್ರೆ ತಡ್ಕೊಳೋವಷ್ಟು ಬಿಸಿ ನೀರಲ್ಲಿ ಕೈ ಅದ್ದಿಡಿ, ನೋವು ಇಳಿಯುತ್ತೆ, ಊದ್ಕೊಂಡ್ರೆ ಡಾಕ್ಟರ್ ಹತ್ರ ಹೋಗಿ.

ಅರಿಜೋನಾದಲ್ಲಿ ಇರೋರಿಗೆ

ಫೀನಿಕ್ಸ್ ಹತ್ರ ಸಾಲ್ಟ್ ರಿವರ್ ಮೇಲೆ ಸಾಲಾಗಿ ನಾಲ್ಕು ಡ್ಯಾಮ್ ಕೆರೆ ಇವೆ, ರೂಸ್‌ವೆಲ್ಟ್, ಅಪಾಚೆ, ಕ್ಯಾನಿಯನ್, ಸಗ್ವಾರೋ. ರೂಸ್‌ವೆಲ್ಟ್ ಡ್ಯಾಮ್ 1911ರದ್ದು. ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆ ಲೈಸೆನ್ಸ್ ಆನ್‌ಲೈನಲ್ಲೇ ಸಿಗುತ್ತೆ, ಇಲ್ಲದೆ ಹೋಗಬೇಡಿ, ಅಲ್ಲಿ ಯಾರನ್ನೂ ನಗಿಸಿ ಒಪ್ಪಿಸೋಕಾಗಲ್ಲ. ಲೇಕ್ ಮೀಡ್, ಲೇಕ್ ಪವೆಲ್ ಎರಡು ರಾಜ್ಯದ ಗಡೀಲಿವೆ, ಯಾವ ರಾಜ್ಯದ ಲೈಸೆನ್ಸ್ ಎಲ್ಲಿಗೆ ನಡೆಯುತ್ತೆ ನೋಡ್ಕೊಳ್ಳಿ.

ಬಾಸ್ ಮೊಟ್ಟೆ ಇಡೋದು ನೀರು 16ರಿಂದ 18 ಡಿಗ್ರಿ ಇದ್ದಾಗ, ವಸಂತದಲ್ಲಿ, ಆಗ ದಡಕ್ಕೆ ಬರುತ್ತೆ, ಹೊಸಬರಿಗೆ ಅದೇ ಸುಲಭದ ಕಾಲ. ಬೇಸಿಗೇಲಿ ನೆರಳೇ ದೇವರು. ಕಣಿವೆ ಗೋಡೆ ನೆರಳು ನೀರಿನ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತೆ, ಬಾಸ್ ನೆರಳೊಳಗೆ ನಿಂತು ಬಿಸಿಲ ಕಡೆ ಮುಖ ಮಾಡಿರುತ್ತೆ, ಫ್ಲೈಯನ್ನ ಬಿಸಿಲಲ್ಲಿ ಹಾಕಿ ನೆರಳಿಗೆ ತನ್ನಿ. ಲಾರ್ಜ್‌ಮೌತ್ ಪೊದೆ ಕಡೆ, ಸ್ಮಾಲ್‌ಮೌತ್ ಬಂಡೆ ಚಾಚಿರೋ ಕಡೆ. ಪವೆಲ್, ಮೀಡ್ ಕಡೆ ಸ್ಟ್ರೈಪರ್ (ಪಟ್ಟೆ ಇರೋ ಬಾಸ್) ಗುಂಪು ಥ್ರೆಡ್‌ಫಿನ್ ಶ್ಯಾಡ್ ಅನ್ನೋ ಪುಡಿಮೀನನ್ನ ಮೇಲಕ್ಕೆ ಅಟ್ಟಿ ನೀರು ಕುದಿಸುತ್ತೆ, ಮಧ್ಯಕ್ಕೆ ಎಸೀಬೇಡಿ, ಅಂಚಿಗೆ ಎಸೆದು ಕ್ಲೌಸರ್ ಮುಳುಗೋಕೆ ಬಿಡಿ, ದೊಡ್ಡವು ಕೆಳಗಿರ್ತವೆ. ಚಾನಲ್ ಕ್ಯಾಟ್‌ಫಿಶ್ ವೂಲಿ ಬಗರ್ ಸಲೀಸಾಗಿ ತಗೊಳ್ಳುತ್ತೆ, ಫ್ಲಾಟ್‌ಹೆಡ್ ಅನ್ನೋ ಕ್ಯಾಟ್‌ಫಿಶ್ ಜೀವಂತ ಮೀನು ತಿನ್ನೋದು, ಅದಕ್ಕೆ ರಾತ್ರಿ, ದೊಡ್ಡ ಫ್ಲೈ, ಭಾರೀ ತಾಳ್ಮೆ ಬೇಕು.

ಅಲ್ಲೂ ಮಾನ್ಸೂನ್ ಅಂತಲೇ ಕರೀತಾರೆ, ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಲೆಕ್ಕ. ಎಲ್ಲೋ ದೂರದಲ್ಲಿ ಮಳೆ ಬಿದ್ದು ಇಲ್ಲಿ ಒಣ ಹಳ್ಳದಲ್ಲಿ ಗೋಡೆ ಥರ ನೀರು ಬರುತ್ತೆ, ಹಾಗಾಗಿ ಮೋಡ ಇದ್ದಾಗ ಹಳ್ಳದೊಳಗೆ ಕಾರು ನಿಲ್ಲಿಸ್ಬೇಡಿ. ನೀರು ಇಳಿದ ಮೇಲೆ ಆ ಹಳ್ಳ ಕೆರೆಗೆ ಸೇರೋ ಬಾಯಲ್ಲಿ ಕ್ಯಾಟ್‌ಫಿಶ್, ನಮ್ಮ ಕೆಂಪು ನೀರಿನ ಪಾಠವೇ. ನೀರಿನ ಬಾಟಲ್ ಬೇಕು ಅನ್ಸಿದ್ದಕ್ಕಿಂತ ಡಬಲ್ ಒಯ್ಯಿರಿ, ಕಲ್ಲಿನ ಸಂದಿಗೆ ಕೈ ಹಾಕಬೇಡಿ, ರ್‍ಯಾಟಲ್‌ಸ್ನೇಕ್ ಇರುತ್ತೆ.

ಉಳಿದ ಎಚ್ಚರಿಕೆ

ಆಲೂರು, ಸಕಲೇಶಪುರ, ಬೇಲೂರು ಕಡೆ ಹಿನ್ನೀರಿಗೆ ನಸುಕಲ್ಲಿ ಹೋಗೋರು ಹಿಂದಿನ ರಾತ್ರಿ ಆನೆ ಎಲ್ಲಿದೆ ಅಂತ ಊರಿನವರನ್ನ ಕೇಳದೆ ಹೊರಡಬೇಡಿ, ಅರಣ್ಯ ಇಲಾಖೆ ಮೆಸೇಜ್ ಬರುತ್ತೆ, ಊರಿನ ವಾಟ್ಸಾಪ್ ಗ್ರೂಪಲ್ಲಿ ಇನ್ನೂ ಬೇಗ ಬರುತ್ತೆ. ಆನೆ ನೀರಿಗೆ ಬರೋ ಹೊತ್ತೂ ಮೀನು ಕಚ್ಚೋ ಹೊತ್ತೂ ಒಂದೇ. ಒಬ್ಬರೇ ಹೋಗಬೇಡಿ. ನೀರು ಈಗಷ್ಟೇ ಇಳಿದಿರೋ ದಡ ಮೇಲೆ ಒಣಗಿದ ಹಾಗೆ ಕಂಡ್ರೂ ಕೆಳಗೆ ತೊಡೆವರೆಗೆ ಕೆಸರಿರುತ್ತೆ, ಕೋಲಲ್ಲಿ ಚುಚ್ಚಿ ನೋಡಿ ಕಾಲಿಡಿ. ರಾಡ್ ಗ್ರಾಫೈಟ್, ಕರೆಂಟ್ ಹರಿಯುತ್ತೆ, ಏಪ್ರಿಲ್ ಮೇ ಗುಡುಗು ಮಳೆ ಸದ್ದು ಕೇಳಿದ ತಕ್ಷಣ ರಾಡ್ ಕೆಳಗಿಡಿ, ಪಂಪ್‌ಸೆಟ್ ವೈರ್ ಕೆಳಗೆ ಯಾವತ್ತೂ ಎಸೀಬೇಡಿ.

ಹುಕ್ಕಿನ ಹಿಮ್ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಮೀನಿಂದ ಬಿಡಿಸೋಕೂ ಸುಲಭ, ನಿಮ್ಮ ಬೆರಳಿಂದ ಬಿಡಿಸೋಕೂ ಸುಲಭ. ಮನೆಗೆ ಬಂದ್ಮೇಲೆ ಲೈನನ್ನ ಸ್ವಲ್ಪ ಸೋಪು ನೀರಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ, ಕಾರಿನ ಡಿಕ್ಕೀಲಿ ಬಿಟ್ರೆ ಬಿಸಿಗೆ ಅಂಟಂಟಾಗುತ್ತೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಶೂ, ಬಲೆ, ರೀಲ್ ಎಲ್ಲಾ ತೊಳೆದು ಪೂರ್ತಿ ಒಣಗಿಸಿ. ಲೇಕ್ ಮೀಡಲ್ಲಿ 2007ರಲ್ಲಿ ಕ್ವಾಗಾ ಮಸ್ಸೆಲ್ ಅನ್ನೋ ಹೊರಗಿನ ಚಿಪ್ಪು ಕಂಡಿತು, ಅದು ಬೇರೆ ಕೆರೆಗಳಿಗೆ ಹೋಗೋದು ದೋಣಿಗೆ, ಸಾಮಾನಿಗೆ ಅಂಟ್ಕೊಂಡೇ, ಹಾಗಾಗಿ ಅಲ್ಲಿ ದೋಣಿ ಹೊರಗೆ ತೆಗೆದ ತಕ್ಷಣ ನೀರು ಪೂರ್ತಿ ಖಾಲಿ ಮಾಡ್ಬೇಕು ಅಂತ ರೂಲ್ಸೇ ಇದೆ.